ಮಡಿ ಬಟ್ಟೆಯಲ್ಲಿ ಸೋಸಿದ ಎಣ್ಣೆ

ಬಾವುಗಳು ಮಾತಾಡಲು ಶುರುಮಾಡಿದ ಮೇಲೆ ಡಾಕ್ಟರುಗಳಿಗೆ ಹೆಚ್ಚು ಪ್ರಶ್ನೆ ಕೇಳುವ ಕೆಲಸ ಉಳಿದಿರಲಿಲ್ಲ. ಮೈಗೆ ಚುಚ್ಚಿಕೊಂಡ ಔಷಧಿ ತಯಾರಾಗುವಾಗ ಸುತ್ತ ಏನೇನು ಕೇಳಿಸಿತ್ತೋ ಅದನ್ನೆಲ್ಲ ಊದಿಕೊಂಡ ಜಾಗವೇ ಒಪ್ಪಿಸಿಬಿಡುತ್ತಿತ್ತು.

ಸುಧೀಂದ್ರ ಆಸ್ಪತ್ರೆಯ ಮಂಚದ ಮೇಲೆ ಬೋರಲು ಮಲಗಿದ್ದ. ಬರುವ ಭಾನುವಾರ ದೇಹದಾರ್ಢ್ಯ ಸ್ಪರ್ಧೆ. ಅದಕ್ಕೆಂದು ಮನೆಯಲ್ಲೇ ಕಾಯಿಸಿ ಚುಚ್ಚಿಕೊಂಡ ಸ್ಟೆರಾಯ್ಡ್ ಎಣ್ಣೆಯಿಂದ ಸೊಂಟದ ಕೆಳಗೆ ಮೂಸಂಬಿಯಷ್ಟು ಊದಿ ಕೆಂಪಾಗಿತ್ತು. "ಅಮ್ಮ, ನೀನು ಹೊರಗೆ ಕೂತಿರು," ಎಂದು ಮೂರು ಸಲ ಹೇಳಿದ್ದ. ಜಲಜಾಕ್ಷಮ್ಮ ಕದಲಿರಲಿಲ್ಲ.

ಡಾಕ್ಟರು ಬಾವನ್ನು ಮೆಲ್ಲಗೆ ಒತ್ತಿದರು. ಮೊದಲು ಕುಕ್ಕರ್ ಕೂಗಿತು.

"ಅಡುಗೆಮನೆ," ಎಂದು ಬರೆದುಕೊಂಡರು.

ಆಮೇಲೆ ಜಲಜಾಕ್ಷಮ್ಮನ ದನಿಯೇ ಬಂತು: "ಎಣ್ಣೇಲಿ ಕಸ ಇತ್ತು ಕಣೋ, ನನ್ನ ಮಡಿ ಬಟ್ಟೇಲಿ ಇನ್ನೊಂದ್ಸಲ ಸೋಸಿದೀನಿ. ಯಾರೂ ಮುಟ್ಟಿಲ್ಲ."

ಡಾಕ್ಟರು ತಲೆಯೆತ್ತಿದರು. "ಮಡಿ ಬಟ್ಟೇಲೂ ಕ್ರಿಮಿ ಇರ್ತವಮ್ಮ."

ಜಲಜಾಕ್ಷಮ್ಮ ಮಗನ ಕಡೆ ಒಮ್ಮೆ ನೋಡಿದರು. "ಇವನದೇನೂ ತಪ್ಪಿಲ್ಲ ಡಾಕ್ಟ್ರೇ. ಎಣ್ಣೆ ಯಾತಕ್ಕೆ ಅಂತ ನಾನೇ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದ."

ಸುಧೀಂದ್ರ ದಿಂಬಿನಲ್ಲಿ ಮುಖ ಹುದುಗಿಸಿ, ಇಷ್ಟಕ್ಕೇ ನಿಲ್ಲಲಿ ಎಂದುಕೊಂಡ. ಡಾಕ್ಟರು ಇನ್ನೊಮ್ಮೆ ಒತ್ತಿದರು. ಈ ಸಲ ಬಾವು ಅವನದೇ ದನಿಯಲ್ಲಿ ನಗುನಗುತ್ತ ಹೇಳಿತು:

"ಎಷ್ಟು ಸಲ ಕೇಳ್ತೀಯಮ್ಮ? ನಿನ್ನ ಮಂಡಿನೋವಿಗೇ ಕಾಯಿಸ್ತಿರೋದು."