ಮಗ್ಗ ಬಿಚ್ಚಿದ್ದು

ಗರಗಸದ ಸದ್ದು ಕೇಳಿ ಶ್ರೀದೇವಿ ಒಳಗೆ ಓಡಿ ಬರುವಷ್ಟರಲ್ಲಿ ಕೈಮಗ್ಗದ ಒಂದು ಕಾಲಿನ ಕೆಳತುಂಡು ನೆಲಕ್ಕೆ ಬಿದ್ದಿತ್ತು. ಸೋಮವಾರದಿಂದ ಹಲಗೇರಿಯ ಹೊಸ ಮನೆಯಲ್ಲಿ ಅವಳು ಇದೇ ಮಗ್ಗದ ಮೇಲೆ ಸೀರೆ ನೇಯಬೇಕಿತ್ತು.

"ಬಿಚ್ಚು ಅಂದಿದ್ನಲ್ಲೋ, ಸಿದ್ದಲಿಂಗೇಶ!"

"ಬಿಚ್ಚಾಕತ್ತೇನ್ರಿ ವೈನಿ," ಎಂದ ಮೈದುನ, ಬೆವರು ಒರೆಸಿಕೊಳ್ಳುತ್ತ. "ಟಂಟಂ ಗಾಡ್ಯಾಗ ಹಿಡಸಬೇಕಲ್ರಿ?"

ಕಾಲು ತೊಲೆಗೆ ಕೂಡಿದ್ದಲ್ಲಿ ಮರದ ಬೆಣೆಯಿತ್ತು. ಸುತ್ತಿಗೆಯಿಂದ ಎರಡು ಏಟು ಹಾಕಿದ್ದರೆ ಕಾಲು ಇಡಿಯಾಗಿ ಕಳಚಿ ಬರುತ್ತಿತ್ತು. ನಿನ್ನೆಯಷ್ಟೇ ತೋರಿಸಿ ಹೇಳಿದ್ದಳು.

"ಬಿಚ್ಚೂದಂದ್ರ ಮತ್ತ ಜೋಡಿಸಾಕ ಬರಬೇಕಪಾ."

"ಎಲ್ಲಾ ಒಂದ ಬಿಡ್ರಿ. ಬ್ಯಾರೆ ಬ್ಯಾರೆ ಆತಿಲ್ರಿ?"

ಶ್ರೀದೇವಿ ಬಿದ್ದ ತುಂಡನ್ನು ಎತ್ತಿ ಅವನ ಕೈಗಿಟ್ಟಳು. "ಹಂಗಾರ ಜೋಡಿಸು."

ಅವನು ಅದನ್ನು ಉಳಿದ ಕಾಲಿನ ತುದಿಗೆ ಹಚ್ಚಿ ಹಿಡಿದ. ಆಮೇಲೆ ಕೈ ತೆಗೆಯಲಾಗದೆ ಹಾಗೇ ಕೂತ.