ಚೌಡಿಗೆ ಹೇಳಿಕೊಂಡ ಹೇಂಟೆ

ಹೊಸನಗರ ತಾಲ್ಲೂಕಿನ ಚರಿತ್ರೆಯನ್ನು ಮುಂದೆ ಯಾರಾದರೂ ಬರೆದರೆ ಈ ಸಂಗತಿಯನ್ನು ಬಿಡಬಾರದು: ಆ ಗುರುವಾರ ಬೆಳಿಗ್ಗೆ, ಜಟ್ಟಪ್ಪನ ಹಿತ್ತಲಲ್ಲಿ, ಚುಕ್ಕಿ ಎಂಬ ನಾಟಿ ಹೇಂಟೆಗೆ ಮರಣದಂಡನೆ ವಿಧಿಸಲಾಯಿತು. ತೀರ್ಪು ಕೊಟ್ಟವಳು ಸೊಸೆ ಆಶಾ. ಅವಳ ಕಂಕುಳಲ್ಲೇ ಸಾಕ್ಷಿಯೂ ಇತ್ತು. ತವರಿಂದ ತಂದ ಆರು ಗಿರಿರಾಜ ಕೋಳಿಗಳಲ್ಲಿ ಒಂದು. ಬಾಲದ ಪುಕ್ಕವೆಲ್ಲ ಕಿತ್ತುಹೋಗಿ, ಗಾಯಕ್ಕೆ ಮೆತ್ತಿದ ಅರಿಶಿನದಲ್ಲಿ ಮದುಮಗಳ ಹಾಗೆ ಹಳದಿಯಾಗಿತ್ತು.

"ನೋಡಿ ಅತ್ತೆ, ಇದು ಮೂರನೇದು. ಒಂದನ್ನೂ ಕಾಳಿನ ಹತ್ರ ಬಿಡಲ್ಲ ನಿಮ್ಮ ಚುಕ್ಕಿ. ಇನ್ನೊಂದಂತೂ ಕೊಟ್ಟಿಗೆ ಮಾಡಿಂದ ಇಳಿಯೋದೇ ಬಿಟ್ಟದೆ. ಫೋನಲ್ಲಿ ನೋಡಿ ಕೋಸು ತೂಗುಹಾಕಿದ್ದಾಯ್ತು, ಅದನ್ನ ಕುಕ್ಕಲಿ ಅಂತ. ಮೂರು ದಿನ ಬುಟ್ಟಿಯಡಿ ಮುಚ್ಚಿಟ್ಟಿದ್ದೂ ಆಯ್ತು. ಹೊರಗೆ ಬಂದು ಮೂರು ದಿನದ್ದೂ ಸೇರಿಸಿ ಕುಕ್ಕಿದ್ಲು. ಭಾನುವಾರ ನಮ್ಮಣ್ಣ ಬರ್ತಾನೆ. ಇದನ್ನೇ ಸಾರು ಮಾಡ್ತೀನಿ."

ಜಟ್ಟಪ್ಪನ ಹೆಂಡತಿ ಮಾಸ್ತಮ್ಮ ಚುಕ್ಕಿಗೆ ಅಡ್ಡ ಬಂದು ನಿಂತಳು. ಹೋದ ವರ್ಷ ಹಿತ್ತಲಿಗೆ ಮುಂಗುಸಿ ನುಗ್ಗಿದಾಗ ಅದರ ಮುಖಕ್ಕೇ ಹಾರಿದ ಹೇಂಟೆ ಚುಕ್ಕಿ. ಆ ಹೊತ್ತು ಹುಂಜ ಬಾಳೆಗಿಡದ ಹಿಂದಿತ್ತು. ಜಟ್ಟಪ್ಪನೂ ಅಲ್ಲೇ ಎಲ್ಲೋ ಇದ್ದ. ಅಂದಿನಿಂದ ಮಾಸ್ತಮ್ಮನ ಲೆಕ್ಕದಲ್ಲಿ ಆ ಮನೆಯಲ್ಲಿ ಧೈರ್ಯವಿದ್ದವರು ಇಬ್ಬರೇ, ತಾನು ಮತ್ತು ಚುಕ್ಕಿ. ಆದರೆ ರಕ್ತ ಸೋರುವ ಕೋಳಿ ಹಿಡಿದು ನಿಂತ ಸೊಸೆಯ ಮುಂದೆ ಮುಂಗುಸಿಯ ಕಥೆ ಎಷ್ಟು ಹೊತ್ತು ನಿಂತೀತು? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಅದನ್ನ ಕೊಯ್ಯೋ ಹಾಗಿಲ್ಲ ಮಾರಾಯ್ತಿ. ಬನದ ಚೌಡಿಗೆ ಹೇಳಿಕೊಂಡಿದ್ದು."

ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಜಟ್ಟಪ್ಪ ತಲೆ ಎತ್ತಿದ. "ಅದ್ಯಾವಾಗ ಹೇಳಿಕೊಂಡೆ?"

"ನಿಮಗೆ ಮಂಡಿನೋವು ಬಂದಿತ್ತಲ್ಲ, ಆವಾಗ."

"ಮಂಡಿನೋವು ಇನ್ನೂ ಹೋಗೇ ಇಲ್ವಲ್ಲೆ."

"ಹರಕೆ ತೀರಿಸದೆ ಹೋಗ್ತದಾ?"

"ಹಂಗಾದ್ರೆ ತಡ ಎಂತಕ್ಕೆ?" ಎಂದಳು ಆಶಾ. "ಮಂಗಳವಾರವೇ ಒಪ್ಪಿಸಿಬಿಡೋಣ. ಮಾವನ ಮಂಡಿನೂ ಸರಿಯಾಗ್ತದೆ. ಅಣ್ಣನಿಗೆ ಅವತ್ತೇ ಬಾ ಅಂತೀನಿ. ಚೌಡಮ್ಮಗೆ ಒಪ್ಪಿಸಿದ್ಮೇಲೆ ಸಾರು ಹೆಂಗೂ ಮನೆಗೇ ಅಲ್ದಾ?"

ದೇವರ ಹೆಸರಲ್ಲಿ ಆಡಿದ ಸುಳ್ಳನ್ನು ವಾಪಸು ತೆಗೆದುಕೊಳ್ಳುವುದು ಮಾಸ್ತಮ್ಮನಿಗೆ ಗೊತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ. ಕಾವಿಗೆ ಕೂತ ಹೇಂಟೆಯನ್ನು ಆ ಮನೆಯಲ್ಲಿ ಯಾರೂ ಕೊಯ್ಯುವುದಿಲ್ಲ, ಚೌಡಿಗೂ ಒಪ್ಪಿಸುವುದಿಲ್ಲ. ಅದೇ ಸಂಜೆ ಅವಳು ಸೌದೆ ಕೊಟ್ಟಿಗೆಯ ಕತ್ತಲ ಮೂಲೆಯಲ್ಲಿ ಬುಟ್ಟಿಗೆ ಹುಲ್ಲು ಹಾಸಿದಳು. ಮೊಟ್ಟೆ ಬೇಕಲ್ಲ? ಚುಕ್ಕಿ ಇಟ್ಟದ್ದೆಲ್ಲ ಆಗಿಂದಾಗಲೇ ಜಟ್ಟಪ್ಪನ ಹೊಟ್ಟೆ ಸೇರಿತ್ತು. ಅಕ್ಕಿ ಡಬ್ಬದಲ್ಲಿ ಹೂತಿಟ್ಟ ಹನ್ನೊಂದು ಮೊಟ್ಟೆ ಸಿಕ್ಕವು. ಅವನ್ನೇ ಇಟ್ಟು, ಮೇಲೆ ಚುಕ್ಕಿಯನ್ನು ಬಿಟ್ಟು ಮುಚ್ಚಿದಳು. ಚುಕ್ಕಿ ಎರಡು ದಿನ ಮೊಟ್ಟೆಗಳ ಮೇಲೆ ನಿಂತೇ ಇತ್ತು. "ಕೂರೇ, ನಿನ್ನ ದಮ್ಮಯ್ಯ," ಎಂದು ಬೇಡಿಕೊಂಡ ಕೈಯನ್ನೇ ಕುಕ್ಕಿತು.

ಮಂಗಳವಾರ ಬೆಳಿಗ್ಗೆ ಆಶಾಳ ಅಣ್ಣ ಹುಂಚದಲ್ಲಿ ಬಸ್ಸು ಹತ್ತಿದೆನೆಂದು ಫೋನು ಮಾಡಿದ. ಆಶಾ ಚುಕ್ಕಿಯನ್ನು ಹಿಡಿದು ತರಲು ಸೌದೆ ಕೊಟ್ಟಿಗೆಗೆ ಹೋಗಿ ಬುಟ್ಟಿಯ ಮುಚ್ಚಳ ತೆಗೆದಳು. ಹಿಂದೆಯೇ ಮಾಸ್ತಮ್ಮ. ಚುಕ್ಕಿ ಮೈಯೆಲ್ಲ ಉಬ್ಬಿಸಿ, ತಟ್ಟೆಯ ಹಾಗೆ ಹರಡಿಕೊಂಡು ಕೂತು, ಗುರ್ರ್ ಎಂದಿತು. ಆಶಾ ಅದರಡಿ ಕೈ ಹಾಕಿದಳು, ಒಂದು ಕುಕ್ಕು ತಿಂದಳು, ಒಂದು ಮೊಟ್ಟೆ ತೆಗೆದಳು. ದಪ್ಪ ಮೊಟ್ಟೆ, ಕಂದು ಬಣ್ಣ.

"ಅತ್ತೆ, ಇದು ನನ್ನ ಗಿರಿರಾಜಂದು."

"ಇದ್ದೀತು."

"ಅಕ್ಕಿ ಡಬ್ಬದಲ್ಲಿದ್ದಿದ್ದು."

"ಅವು ಕಾವಿಗೆ ಕೂರೋದೇ ಇಲ್ಲ ಅಂತ ನೀನೇ ಅಂದಿದ್ದೆ. ಇಡೋದೊಂದು ಗೊತ್ತು ಅವಕ್ಕೆ. ಆಮೇಲಿನದ್ದು ಯಾರಾದ್ರೂ ನೋಡ್ಕೋಬೇಕಲ್ಲ."

ಆಶಾ ಮೊಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದಳು. ಬಿಸಿಯಾಗಿತ್ತು. ಮತ್ತೆ ಹುಷಾರಾಗಿ ಒಳಗಿಟ್ಟಳು; ಇನ್ನೊಂದು ಕುಕ್ಕು ಬಿತ್ತು. ಈ ಸಲ ಬೈಯಲಿಲ್ಲ.

"ಚೌಡಮ್ಮ ಕೇಳಿದ್ರೆ?"

"ನಾನು ಹೇಳ್ಕೊಳ್ತೀನಿ."

"ನನ್ನ ಮಂಡಿ?" ಹೊರಗಿನಿಂದ ಜಟ್ಟಪ್ಪನ ದನಿ ಬಂತು.

"ಇನ್ನೊಂದೆರಡು ತಿಂಗಳು ನೋಯಲಿ ಬಿಡಿ."

"ಹಂಗಾದ್ರೆ ಬೇರೆ ಯಾವ್ದಾದ್ರೂ ಕೋಳಿ..."

"ಹರಕೆದು ತೀರೋ ಮುಂಚೆ ಬೇರೆದನ್ನ ಕೊಯ್ದ್ರೆ ಚೌಡಿ ಸುಮ್ನಿರ್ತಾಳಾ ಮಾವ?" ಎಂದವಳು ಆಶಾ. ಮಾಸ್ತಮ್ಮ ತಿರುಗಿ ಸೊಸೆಯ ಮುಖ ನೋಡಿದಳು. ಸೊಸೆ ಬುಟ್ಟಿಯ ಮುಚ್ಚಳ ಸರಿಮಾಡುತ್ತಿದ್ದಳು.

ಅಣ್ಣ ಒಣಮೀನಿನ ಸಾರು ಉಂಡು ಹೋದ. ಚುಕ್ಕಿ ಕಾವಿಗೆ ಕೂತಷ್ಟು ದಿನವೂ ಹಿತ್ತಲಲ್ಲಿ ಶಾಂತಿ ನೆಲೆಸಿತ್ತು. ಕೊಟ್ಟಿಗೆ ಮಾಡಿನ ಮೇಲಿದ್ದದ್ದು ಇಳಿದು ಬಂತು. ಹಳದಿ ಕೋಳಿಗೆ ಪುಕ್ಕದ ಮೊಳಕೆ ಕಾಣಿಸಿತು. ಆಶಾ ದಿನಾ ಕೈಗೊಂದು ಬಟ್ಟೆ ಸುತ್ತಿಕೊಂಡು ಬುಟ್ಟಿಯ ಹತ್ತಿರ ನುಚ್ಚು, ನೀರು ಇಟ್ಟು ಬರುತ್ತಿದ್ದಳು.

ಕಾವಿಗೆ ಕೂತ ಇಪ್ಪತ್ತೊಂದನೆಯ ದಿನ ಹನ್ನೊಂದರಲ್ಲಿ ಒಂಬತ್ತು ಮೊಟ್ಟೆ ಒಡೆದವು. ಒಂಬತ್ತು ಮರಿಗಳೂ ಕುಕ್ಕುತ್ತವೆ.