ಗರಗದ ಸೊಪ್ಪಿನ ತಲೆ

ಭಾನುವಾರ ಸಂಜೆ ನಂದಿದುರ್ಗ ಚಿನ್ನದ ಗಣಿಯ ಕೂಲಿಗಳ ಲೈನು ಮನೆಯ ಹಿಂದೆ ಮುತ್ಯಾಲಮ್ಮ ಗಂಡನನ್ನು ಒರಳುಕಲ್ಲಿನ ಪಕ್ಕ ಕೂರಿಸಿಕೊಂಡು, ಅರೆದ ಗರಗದ ಸೊಪ್ಪನ್ನು ಗೋಡೆಗೆ ಬೆರಣಿ ತಟ್ಟಿದಂತೆ ಅವನ ತಲೆಗೆ ಮೆತ್ತುತ್ತಿದ್ದಳು. ಗರಗವೆಂದರೆ ಸೇವಂತಿಗೆಯ ಬಡ ನೆಂಟ. ಕೆರೆಯಂಚಿನ ಕೆಸರಿನಲ್ಲಿ ಅಂಗಿ ಗುಂಡಿಯಂಥ ಬಿಳಿ ಹೂ ಬಿಟ್ಟುಕೊಂಡು ಬಿದ್ದಿರುತ್ತದೆ, ಯಾರೂ ಮುಡಿಯುವುದಿಲ್ಲ. ಬೂದಿಕೋಟೆಯ ತವರಿಗೆ ಹೋಗಿ ಅವಳು ಒಂದು ಮಡಿಲು ಕಿತ್ತು ತಂದಿದ್ದಳು.

ಗಣಿಗೆ ಹೊಸದಾಗಿ ಬಂದ ಸಾಹೇಬ, ಕೆಳಗಿಳಿಯುವವರಲ್ಲಿ ನರೆತ ತಲೆಯವರು ಯಾರ್ಯಾರು ಎಂದು ವಿಚಾರಿಸಿದ್ದನಂತೆ. ಅವರನ್ನೆಲ್ಲ ಮೇಲಕ್ಕೆ ಹಾಕಿ ಬಂಗಲೆಗಳ ಕಸ ಗುಡಿಸಲು ಹಚ್ಚುತ್ತಾರೆಂದು ಲೈನಿಗೆಲ್ಲ ಸುದ್ದಿ. ಮುತ್ಯಾಲಮ್ಮನ ಗಂಡ ಅಶ್ವತ್ಥಪ್ಪ ಗಣಿಯೊಳಗೆ ಬಂಡೆಗೆ ಮರದ ಆಸರೆ ನಿಲ್ಲಿಸುವವನು. ಅವನು ನಿಲ್ಲಿಸಿದ ಆಸರೆಯಡಿ ಜನ ನಿಶ್ಚಿಂತೆಯಿಂದ ಬುತ್ತಿ ಬಿಚ್ಚುತ್ತಿದ್ದರು. ತಲೆ ಮಾತ್ರ ವಯಸ್ಸಿಗೆ ಮೊದಲೇ ಹತ್ತಿಯಾಗಿತ್ತು.

ಗರಗದಿಂದ ಕೂದಲು ಕಪ್ಪಾಗಬೇಕಾದರೆ ಎಣ್ಣೆಯಲ್ಲಿ ಕಾಯಿಸಿ ತಿಂಗಳುಗಟ್ಟಲೆ ಹಚ್ಚಬೇಕು ಎಂದು ಮುತ್ಯಾಲಮ್ಮನ ತಾಯಿ ಹೇಳಿ ಕಳಿಸಿದ್ದಳು. ಅಶ್ವತ್ಥಪ್ಪನಿಗೆ ಅಷ್ಟು ಪುರುಸೊತ್ತಿರಲಿಲ್ಲ.

“ನಾಳೆ ಆ ಸಾಯೇಬ ಕೆಳಕ್ಕಿಳೀತಾನೆ ಕಣೇ. ಬಾಣಲೆ ಮಸಿನೂ ಸೇರಿಸಿ ಬಳಿ.”

“ಬಳೀತೀನಿ. ನೀನು ಬೆವರಬ್ಯಾಡ ಅಷ್ಟೇ,” ಎಂದಳು ಮುತ್ಯಾಲಮ್ಮ.

ಗಣಿಯ ಆಳಕ್ಕಿಳಿದು ಬೆವರದೆ ಇರುವುದೆಂದರೆ ಕೆರೆಗೆ ಬಿದ್ದು ನೆನೆಯದೆ ಬಂದಂತೆ. ಬೆಳಗ್ಗೆ ತಲೆ ತೊಳೆಯದೆಯೇ ಬಾಚಿಕೊಂಡು, ಕಾಡಿಗೆಯಂಥ ಕೂದಲು ಹೊತ್ತು ಇಳಿದ ಅಶ್ವತ್ಥಪ್ಪ ಮೊದಲ ತೊಲೆ ಎತ್ತುವಷ್ಟರಲ್ಲಿ, ಟೊಪ್ಪಿಯಡಿಯಿಂದ ಕಪ್ಪು ಹಸಿರು ರಸ ಹಣೆ, ಮೂಗು, ಗದ್ದ ದಾಟಿ ಎದೆಗೆ ಇಳಿಯಿತು. ತೊಲೆಯ ಇನ್ನೊಂದು ತುದಿ ಹಿಡಿದಿದ್ದ ಜೊತೆಯಾಳು ಬಚ್ಚಪ್ಪ ದೀಪ ತಿರುಗಿಸಿ ಆ ಮುಖ ಕಂಡವನೇ, ತೊಲೆ ಬಿಟ್ಟು ಮುನೇಶ್ವರನನ್ನು ಕೂಗುತ್ತ ಓಡಿದ. ಓಡಿ ಹೋಗಿ ಹಾಯ್ದದ್ದು ಎದುರಿಗೆ ಬರುತ್ತಿದ್ದ ಹೊಸ ಸಾಹೇಬನಿಗೇ.

ಸಾಹೇಬ ಬಂದು ನೋಡಿದ. ಅಶ್ವತ್ಥಪ್ಪನ ಮುಖಕ್ಕಿಂತ ಅವನ ಮೇಲಿದ್ದ ಬಂಡೆಯನ್ನೇ ಹೆಚ್ಚು ನೋಡಿದ. ಎಲ್ಲಿಂದಲೋ ಕಪ್ಪು ನೀರು ಜಿನುಗುತ್ತಿದೆ, ಬಂಡೆ ಬಿರಿದಿರಬೇಕು, ಅಲ್ಲಿದ್ದವರೆಲ್ಲ ಈಗಲೇ ಮೇಲೆ ಹೋಗಬೇಕು ಎಂದು ಅಪ್ಪಣೆ ಮಾಡಿದ. ಜನ ಗಾಬರಿಯಿಂದ ಹಾರೆ ಬಿಸಾಕಿ ಹೊರಟರು. ಅಶ್ವತ್ಥಪ್ಪನಿಗೆ ತನ್ನ ಆಸರೆ ಇದ್ದಲ್ಲಿ ಬಂಡೆ ಬಿರಿಯಿತು ಎನ್ನಿಸಿಕೊಳ್ಳುವುದಕ್ಕಿಂತ ಬಂಗಲೆಯ ಕಸ ಗುಡಿಸುವುದೇ ವಾಸಿ ಅನ್ನಿಸಿತು. ಟೊಪ್ಪಿ ತೆಗೆದು, ಸೊಂಟದ ಟವಲಿನಿಂದ ತಲೆಯನ್ನು ತಿಕ್ಕಿ ತಿಕ್ಕಿ ಒರೆಸಿಕೊಂಡ. ಬಿಳಿ ಕೂದಲು ಪಟ್ಟೆಪಟ್ಟೆಯಾಗಿ ಹೊರಬಂತು.

“ಬಂಡೆ ಗಟ್ಟಿಯಾಗೈತೆ ಸಾಮಿ. ಸೋರ್ತಿರೋದು ನಾನು.”

ಗರಗದ ಕಥೆಯನ್ನೆಲ್ಲ ಸಾಹೇಬ ನಗದೆ ಕೇಳಿಸಿಕೊಂಡ. ಕೊನೆಗೆ, “ನರೆತ ತಲೆಯವರನ್ನು ಕೇಳಿದ್ದು ಮೇಲೆ ಕಳಿಸೋದಕ್ಕಲ್ಲ ಮಾರಾಯ,” ಎಂದ. “ಈ ಗಣಿಯೊಳಗೆ ತಲೆ ನರೆಯೋವರೆಗೂ ಬದುಕಿದವನು ಯಾರೋ, ಅವನ ಹಿಂದೆ ನಡೆಯೋಣ ಅಂತ.” ಅಲ್ಲಿಂದಲೇ ಅಶ್ವತ್ಥಪ್ಪನನ್ನು ಮುಂದೆ ಬಿಟ್ಟುಕೊಂಡು ಗಣಿ ನೋಡಲು ಹೊರಟ. ಹಿಂತಿರುಗುವಷ್ಟರಲ್ಲಿ ಅಶ್ವತ್ಥಪ್ಪ ಆ ಪಾಳಿಯ ಮೇಸ್ತ್ರಿಯಾಗಿದ್ದ.

ಸಂಜೆ ಮುತ್ಯಾಲಮ್ಮ ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಹೊಸ ಮೇಸ್ತ್ರಿಯ ಕಿವಿಗಳ ಹಸಿರು ಹೋಗಲಿಲ್ಲ.

ಮರುದಿನ ಬೆಳಗ್ಗೆ ಗಣಿಗೆ ಇಳಿಯಲು ಎಲ್ಲರೂ ಸಾಲಾಗಿ ನಿಂತಿದ್ದರು. ನಿನ್ನೆಯವರೆಗೂ ಕೂದಲು ಕರ್ರಗಿದ್ದ ಬಚ್ಚಪ್ಪ ಎಲ್ಲರಿಗಿಂತ ಮುಂದೆ, ಸಾಹೇಬನಿಗೆ ಕಾಣುವಂತೆ ಟೊಪ್ಪಿ ತೆಗೆದು ನಿಂತಿದ್ದ. ಅವನ ಬೆಳ್ಳನೆಯ ತಲೆಯಿಂದ ಹೆಗಲ ಮೇಲೆ ಸಣ್ಣಗೆ ಸುಣ್ಣ ಉದುರುತ್ತಿತ್ತು.